ಮಾಸ್ಟರ್ ತಿನ್ನದ ಪರೋಟ

ಆಂಡರ್ಸನ್‌ಪೇಟೆಯ ಕೋದಂಡಪ್ಪನ ಹೋಟೆಲಿನಲ್ಲಿ ಒಂದು ಪದ್ಧತಿಯಿತ್ತು. ಸಂಜೆ ಕಾದ ಕಲ್ಲಿನಿಂದ ಇಳಿದ ಮೊದಲ ಪರೋಟವನ್ನು ಬೇಯಿಸಿದ ಮಾಸ್ಟರೇ ಗಿರಾಕಿಗಳ ಎದುರಿಗೆ ತಿನ್ನಬೇಕು, ಆಮೇಲೇ ವ್ಯಾಪಾರ. ಕಾಮಸಮುದ್ರದ ಕಡೆಯಿಂದ ಬಂದು, ತಟ್ಟೆ ತೊಳೆಯುತ್ತಾ ಕೆಲಸ ಕಲಿತು ಮಾಸ್ಟರಾದ ಮುನಿರಾಜ್ ವರ್ಷಗಟ್ಟಲೆ ಹಾಗೆ ತಿಂದ. ಅವನು ಮೈದಾ ಹಿಟ್ಟನ್ನು ಗಾಳಿಗೆ ಬೀಸಿ ತೆಳ್ಳಗೆ ಮಾಡುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು.

ಅವನ ಹೊಟ್ಟೆಯೊಳಗಿನ ಕಥೆ ಮಾತ್ರ ಹೇಳಿದರೆ ಹೇಸಿಗೆ. ಹಸಿವೆಂಬುದೇ ಇಲ್ಲ, ತಿಂದದ್ದು ನಿಲ್ಲದು. ಹೊಟ್ಟೆ ಉಬ್ಬರ, ಜಿಡ್ಡುಜಿಡ್ಡು ಭೇದಿ, ಎಷ್ಟು ನೀರು ಸುರಿದರೂ ಹೋಗದ ನಾತ. ಅದಕ್ಕೆ ಅವನಿಗೇ ವಾಕರಿಕೆ ಬರುತ್ತಿತ್ತು. ಮೈ ಒಣಗಿ ಕಡ್ಡಿಯಾದಾಗ ಬೀದಿಯವರು ಕುಡೀತಾನೆ ಎಂದರು. ಔಷಧಿ ಅಂಗಡಿಯವನು ಜಂತುಹುಳದ ಮಾತ್ರೆ ಕೊಟ್ಟ. ಯಾರೋ ಮಾಟ ಎಂದರು. ಥೂ, ಊರ ಬಾಯಿ ಮುಚ್ಚುವವರು ಯಾರು?

ಕೊನೆಗೆ ಹೆಂಡತಿ ಪುಷ್ಪ ಅವನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ರಕ್ತ ತೆಗೆದರು, ಬಾಯಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ಪರೀಕ್ಷಿಸಿದರು. ಸೀಲಿಯಾಕ್ ಎಂದರು ಡಾಕ್ಟರಮ್ಮ. ಗೋಧಿಯೊಳಗಿನ ಗ್ಲೂಟನ್ ಹೊಟ್ಟೆಗೆ ಹೋದಾಗಲೆಲ್ಲ ಇವನ ದೇಹ ತನ್ನ ಕರುಳನ್ನು ತಾನೇ ಹಾಳುಮಾಡಿಕೊಳ್ಳುತ್ತದಂತೆ. ಪಥ್ಯವೇ ಮದ್ದು, ಅದೂ ಜೀವ ಇರುವವರೆಗೆ. ಗೋಧಿ, ಮೈದಾ, ರವೆ, ಬ್ರೆಡ್ಡು, ಬಿಸ್ಕತ್ತು ಚೂರೂ ಕೂಡದು. ಮೈದಾ ಬೆರೆಸಿದ ಇಂಗು ಸಹ ಬೇಡ. ರಾಗಿ, ಅಕ್ಕಿ, ಜೋಳ ತಿನ್ನಬಹುದು, ಆದರೆ ಗೋಧಿ ಹಾಕಿದ ಮಿಷನ್ನಿನಲ್ಲಿ ಬೀಸಿಸಬಾರದು. ಹುಟ್ಟಿದಾಗಿನಿಂದ ಮುದ್ದೆ ತಿಂದವನಿಗೆ ಇದೇನು ಮಹಾ ಎಂದು ಮುನಿರಾಜ್ ನಕ್ಕುಬಿಟ್ಟ.

ಪುಷ್ಪ ಪಕ್ಕದ ಮನೆಯ ಬೀಸುವ ಕಲ್ಲಿನಲ್ಲಿ ರಾಗಿ ಬೀಸಿದಳು. ಅವನು ಮೊದಲ ಪರೋಟ ತಿನ್ನುವುದನ್ನು ಬಿಟ್ಟ. ಆದರೂ ಭೇದಿ ಪೂರ್ತಿ ನಿಲ್ಲಲಿಲ್ಲ. ಮತ್ತೆ ಹೋದಾಗ ಡಾಕ್ಟರಮ್ಮ ಏನು ಕೆಲಸ ಎಂದು ಕೇಳಿ, ಉತ್ತರ ಕೇಳಿ ಅಡ್ಡಡ್ಡ ತಲೆಯಾಡಿಸಿದರು. ಹಾರುವ ಹಿಟ್ಟು ಮೂಗು ಬಾಯಿಗೆ ಹೋಗಿ, ಎಂಜಲಿನ ಜೊತೆ ಹೊಟ್ಟೆ ಸೇರುತ್ತದೆ, ಆ ಕೆಲಸ ಬಿಡಿ ಎಂದರು. ಅವನಿಗೆ ಬರುತ್ತಿದ್ದದ್ದು ಅದೊಂದೇ ಕೆಲಸ.

ಬಾಯಿಗೆ ಟವೆಲ್ ಕಟ್ಟಿಕೊಂಡು ಮತ್ತೆ ಪರೋಟದ ಕಲ್ಲಿನ ಮುಂದೆ ನಿಂತ. ಪ್ರಾಣದಂತೆ ಪ್ರೀತಿಸಿದ್ದ ಹಿಟ್ಟು ಈಗ ಯಾರೋ ಉಗಿದ ಕಫದ ಹಾಗೆ ಕಂಡಿತು. ಉಗುರಿನ ಸಂದಿಯಲ್ಲಿ ಅದೇ, ರೆಪ್ಪೆಯ ಮೇಲೆ ಅದೇ, ಉಟ್ಟ ಲುಂಗಿಯಲ್ಲೂ ಅದೇ. ಮನೆಗೆ ಹೋಗಿ ಸ್ನಾನ ಮಾಡದೆ ಹೆಂಡತಿ ಬಡಿಸಿದ ತಟ್ಟೆ ಮುಟ್ಟಲು ಅಸಹ್ಯಪಟ್ಟ.

ಅಷ್ಟರಲ್ಲಿ ಪೇಟೆಯಲ್ಲಿ ಸುದ್ದಿ ಹಬ್ಬಿತು. ಮಾಸ್ಟರೇ ತಿನ್ನುವುದಿಲ್ಲವಂತೆ, ಮೈದಾಗೆ ಏನೋ ಬೆರೆಸುತ್ತಾರಂತೆ. ಗಿರಾಕಿ ಕಡಿಮೆಯಾದಾಗ ಕೋದಂಡಪ್ಪನಿಗೆ ಉರಿಹತ್ತಿತು. ಒಂದು ಭಾನುವಾರ ಸಂಜೆ, ಕೂತವರೆಲ್ಲ ನೋಡುತ್ತಿರುವಾಗ, ಮೊದಲ ಪರೋಟವನ್ನು ತಾನೇ ತಟ್ಟೆಗೆ ಹಾಕಿ ಮುನಿರಾಜನ ಮುಂದೆ ಹಿಡಿದು, ತಗ್ಗಿದ ದನಿಯಲ್ಲಿ ಹೇಳಿದ.

"ಎಲ್ರೂ ನೋಡ್ತಾವ್ರೆ ಕಣ್ಲಾ ಮುನಿ. ಒಂದು ತುತ್ತು ತಿನ್ನು. ಒಂದು ತುತ್ತಿಗೆ ಯಾರೂ ಸಾಯಾಕಿಲ್ಲ."

ಮುನಿರಾಜನ ಕಣ್ಣು ಗಲ್ಲಾದ ಕೆಳಗಿದ್ದ ಊಟದ ಕ್ಯಾರಿಯರ್ ಮೇಲೆ ಬಿತ್ತು. ಕೋದಂಡಪ್ಪನಿಗೆ ಸಕ್ಕರೆ ಕಾಯಿಲೆ. ದಿನವೂ ಮನೆಯಿಂದ ಮುದ್ದೆ, ಸೊಪ್ಪಿನ ಸಾರು ತರಿಸಿ ಒಳಗೆ ಕೂತು ಉಣ್ಣುತ್ತಿದ್ದ. ತನ್ನ ಹೋಟೆಲಿನ ಪರೋಟವನ್ನು ಅವನು ಬಾಯಿಗಿಟ್ಟದ್ದನ್ನು ಮುನಿರಾಜ್ ಕಂಡೇ ಇರಲಿಲ್ಲ. ಅಷ್ಟು ವರ್ಷ ಅದು ಹೊಳೆದಿರಲೂ ಇಲ್ಲ. ಈಗ ಹೊಳೆದು, ಬಾಯಿಗೆ ಕಟ್ಟಿದ್ದ ಟವೆಲ್ ಬಿಚ್ಚಿದ.

"ನನ್ನ ಒಟ್ಟೆಗೆ ಇದು ವಿಷ ಅಂತ ಡಾಕ್ಟರಮ್ಮ ಏಳವ್ರೆ ಅಣ್ಣ," ಎಂದ, ಎಲ್ಲರಿಗೂ ಕೇಳುವಂತೆ. "ಇವತ್ತು ನೀವೇ ತಿನ್ನಿ. ನಿಮ್ಮ ಕ್ಯಾರಿಯರ್ ಮುದ್ದೆ ನಾನು ತಿಂತೀನಿ."

ಕೋದಂಡಪ್ಪ ತಿನ್ನದೆ ತಟ್ಟೆಯನ್ನು ಗಲ್ಲಾದ ಮೇಲಿಟ್ಟು, ಕ್ಯಾರಿಯರನ್ನು ಕಾಲಿನಿಂದ ಒಳಕ್ಕೆ ತಳ್ಳಿದ. ಮುನಿರಾಜ್ ನಲ್ಲಿಯ ಕೆಳಗೆ ಉಗುರುಗಳನ್ನು ಕೆರೆದು ಕೆರೆದು ತೊಳೆದು, ಟವೆಲನ್ನು ಅಲ್ಲೇ ಬಿಸಾಡಿ ಹೊರಟುಹೋದ.

ಈಗ ಗಂಡ ಹೆಂಡತಿ ಬಂಗಾರಪೇಟೆ ಸ್ಟೇಷನ್ ಹೊರಗೆ ಗಾಡಿ ಇಟ್ಟು ಅಕ್ಕಿರೊಟ್ಟಿ, ರಾಗಿರೊಟ್ಟಿ ಮಾಡುತ್ತಾರೆ. ಅತ್ತ ಕೋದಂಡಪ್ಪನ ಹೋಟೆಲಿಗೆ ಹೊಸ ಮಾಸ್ಟರ್ ಬಂದಿದ್ದಾನೆ, ಸಂಜೆಯಾದರೆ ಎಲ್ಲರೆದುರು ತಿಂದು ತೋರಿಸುತ್ತಾನೆ. ಇಲ್ಲಿಯೂ ಮೊದಲ ರೊಟ್ಟಿ ಮುನಿರಾಜನಿಗೇ. ಯಾರಿಗೂ ತೋರಿಸುವುದಕ್ಕಲ್ಲ, ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ತಿನ್ನುತ್ತಾನೆ. ಅವನಿಗೀಗ ಹಸಿವಾಗುತ್ತದೆ.