ತವರಿಗೆ ಹೋದ ವೀರರು

ಕೊಳ್ಳೇಗಾಲದ ತಾಲ್ಲೂಕು ಕಚೇರಿಯ ಹತ್ತಿರ ನಮ್ಮ ಯಜಮಾನರದು ಒಂದು ಜೆರಾಕ್ಸ್ ಅಂಗಡಿ. ಮದುವೆಯಾಗಿ ಬಂದ ಮೇಲೆ ಬಹುಕಾಲ ಅದರ ಸ್ಟೂಲಿನ ಮೇಲೆ ಕೂತವಳು ನಾನು. ಬೆಳಗಿನಿಂದ ಸಂಜೆಯವರೆಗೆ ಆಧಾರ್ ಕಾರ್ಡಿನ ಮುಂದೊಂದು, ಹಿಂದೊಂದು. "ಎರ್ಡೂ ಕಡೆ ಒಂದೇ ಆಳೇಲಿ ಬರ್ಲವ್ವ" ಎಂದು ದಿನವಿಡೀ ಒಂದೇ ಮಾತು ಕೇಳಿಸಿಕೊಂಡು ನಗುತ್ತ ಕೂರಲು ನಾನೇನು ಗೋಡೆಗೆ ಹಾಕಿದ ಫೋಟೋ ಅಲ್ಲ. ಆ ಯಂತ್ರದ ಹಸಿರು ಬೆಳಕು ಕನಸಿನಲ್ಲೂ ಹಾದುಹೋಗುತ್ತಿತ್ತು. ಇನ್ನೊಂದು ವರ್ಷ ಅಲ್ಲೇ ಕೂತರೆ ನನಗೆ ಹುಚ್ಚು ಹಿಡಿಯುವುದು ಖಂಡಿತ ಎಂದು ಯಜಮಾನರಿಗೆ ಹೇಳಿಯೂ ಆಗಿತ್ತು. ಅವರು ಪೇಪರ್ ಬಂಡಲ್ ತರಲು ಹೋದರು.

ಹಾಗಿರುವಾಗ ಮೈಸೂರಿನ ಒಂದು ಏಜೆನ್ಸಿಯ ಸೂಪರ್‌ವೈಸರ್ ಅಂಗಡಿಗೆ ಬಂದ. ಸೂಪರ್‌ಹೀರೋಗಳ ಕಾರ್ಡು ಆಟದ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಇಟ್ಟ. ಅವನ ಟೀ ಶರ್ಟಿನ ಮೇಲೂ ಒಬ್ಬ ಹೀರೋ ಹಲ್ಲು ಕಚ್ಚಿಕೊಂಡು ನಿಂತಿದ್ದ. ಊರೂರಿಗೆ ಹೋಗಿ ಹೊಸಬರಿಗೆ ಆಟ ಕಲಿಸುವವರು ಬೇಕು ಎಂದ. ಅವನು ಮಾತು ಮುಗಿಸುವ ಮೊದಲೇ "ನಾನು ಹೋಗ್ತೀನಿ" ಎಂದೆ.

"ಕೊಳ್ಳೇಗಾಲ, ಹನೂರು, ಯಳಂದೂರು, ಮೂರು ತಾಲ್ಲೂಕೂ ನಿಮಗೇ ಮೇಡಂ. ತಿಂಗಳ ಕೊನೇ ಭಾನುವಾರ ಬಂದು ನೋಡ್ತೀನಿ. ಒಂದು ಕೋಣೆ ತುಂಬ ಹೊಸ ಆಟಗಾರರು ಇರಬೇಕು. ಇಲ್ಲದಿದ್ರೆ ಬೇರೆಯವರಿಗೆ ಕೊಡ್ತೀವಿ" ಎಂದ.

ಇದನ್ನು ಕೇಳಿದ ನಮ್ಮ ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. "ಸೊಸೇನ ಇಸ್ಪೀಟ್ ಮಾರಕ್ಕೆ ಬಿಟ್ಟವ್ಳೆ ಅಂತ ಜನ ನನ್ ಮಕಕ್ಕೆ ಉಗೀತಾರ ಕಣಮ್ಮಿ. ಆಯ್ತು, ಓಗು. ಕೋಣೆ ತುಂಬ್ನಿಲ್ಲ ಅಂದ್ರ ಮಾತಿಲ್ದೆ ಬಂದು ಸ್ಟೂಲ್ ಮ್ಯಾಲ ಕೂತ್ಕಬೇಕು."

"ಕೂತ್ಕೋತೀನಿ" ಎಂದೆ.

ಆಟವೇನೋ ಸುಲಭ. ಇಬ್ಬರು ಆಡುತ್ತಾರೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಂತೆ. ಕಾರ್ಡಿನ ಮೇಲೆ ಹೀರೋನ ಚಿತ್ರ, ಕೆಳಗೆ ಅವನ ಶಕ್ತಿ ಎಷ್ಟೆಂಬ ಅಂಕಿ. ನೀವೊಬ್ಬನನ್ನು ಇಳಿಸುತ್ತೀರಿ, ಎದುರಿನವರೊಬ್ಬನನ್ನು ಇಳಿಸುತ್ತಾರೆ. ಹೆಚ್ಚು ಶಕ್ತಿಯವನು ಉಳಿಯುತ್ತಾನೆ. ಸೋತವನು ಪಕ್ಕದ ಗುಡ್ಡೆಗೆ ಹೋಗುತ್ತಾನೆ. ಯಾರ ಕಂತೆ ಮೊದಲು ಖಾಲಿಯಾಗುತ್ತದೋ ಅವರು ಸೋತರು.

ಮೊದಲು ಮಾಂಬಳ್ಳಿಗೆ ಹೋದೆ. ಹೊಂಗೆ ಮರದ ಕೆಳಗೆ ನಾಲ್ಕು ಜನ ಗಂಡಸರು ಎಲೆ ಆಡುತ್ತಿದ್ದರು. ಕಾರ್ಡು ಹಿಡಿಯುವ ಅಭ್ಯಾಸ ಇರುವವರು, ಬೇಗ ಕಲಿಯುತ್ತಾರೆ ಎಂದುಕೊಂಡು ಅವರ ಮುಂದೆ ಹೀರೋಗಳನ್ನು ಹರಡಿದೆ. ಬಹಳ ಆಸಕ್ತಿಯಿಂದ ನೋಡಿದರು. ಒಬ್ಬಾತ ಕೇಳಿದ: "ಇದ್ರಲ್ಲಿ ಜೋಕರ್ ಯಾವ್ದಕ್ಕ?" ಜೋಕರ್ ಇಲ್ಲವೆಂದೆ. "ಮೈಯೆಲ್ಲ ಬಣ್ಣ ಬಳ್ಕಂಡು ನಿಂತವ್ನಲ್ಲ, ಇವ್ನೇ ಜೋಕರ್ ಆಗ್ಲಿ ಬುಡಿ" ಎಂದು ಇನ್ನೊಬ್ಬಾತ ತೀರ್ಮಾನ ಕೊಟ್ಟ. ನಾನು ಬಾಟಲಿ ತೆಗೆದು ನೀರು ಕುಡಿಯುವಷ್ಟರಲ್ಲಿ ಎಲೆ ಹಂಚಿಯೂ ಆಗಿತ್ತು. ಬಂಡೆ ಮೈಯವನು, ಬೆಂಕಿ ಕಣ್ಣಿನವನು, ರೆಕ್ಕೆಯವಳು, ಮೂವರನ್ನೂ ಸಾಲಾಗಿ ಇಟ್ಟು "ಸೀಕ್ವೆನ್ಸ್ ಆಯ್ತು" ಎಂದು ಒಬ್ಬ ತೊಡೆ ತಟ್ಟಿದ. ರಮ್ಮಿ ಆಡುವವನಿಗೆ ಲೋಕವೆಲ್ಲ ರಮ್ಮಿ. ನಾನು ಹೀರೋಗಳನ್ನು ಕಿತ್ತುಕೊಂಡು ಬಸ್ಸು ಹತ್ತಿದೆ.

ಆಮೇಲೆ ಹನೂರಿನ ಕಡೆಯ ಶಾಗ್ಯಕ್ಕೆ ಹೋದೆ. ಅಲ್ಲಿ ಹೆಂಗಸರ ಸಂಘದ ಸಭೆ ಒಬ್ಬರ ಮನೆಯ ಜಗುಲಿಯ ಮೇಲೆ ನಡೆಯುತ್ತಿತ್ತು. ಸಭೆ ಮುಗಿದ ಮೇಲೆ ಕಾರ್ಡು ತೆಗೆದೆ. ಚಿತ್ರಗಳನ್ನು ಕೈಯಿಂದ ಕೈಗೆ ದಾಟಿಸುತ್ತ "ಈ ವಯ್ಯನ್ ಬಟ್ಟೆ ಯಾರವ್ವ ಒಗೆಯೋರು?", "ಇವ್ಳಿಗ್ ಮದ್ವೆ ಆಗದಾ?" ಎಂದೆಲ್ಲ ಕೇಳಿದರು. ನನಗೆ ಖುಷಿಯಾಯಿತು. ಮನೆಯೊಡತಿಯನ್ನೇ ಆಟಕ್ಕೆ ಕೂರಿಸಿದೆ. ಅವರ ಬೆಂಕಿ ಕಣ್ಣಿನವನು ಸೋತ. ಪೆಟ್ಟಿಗೆಯಲ್ಲಿದ್ದ ನಿಯಮದ ಪುಸ್ತಕದಲ್ಲಿ ಆ ಸೋತವರ ಗುಡ್ಡೆಗೆ ಏನು ಹೆಸರಿತ್ತೋ ಅದನ್ನೇ ನಾನು ಗಟ್ಟಿಯಾಗಿ ಹೇಳಿದೆ: "ಈಗ ಇವನನ್ನ ಸ್ಮಶಾನಕ್ಕೆ ಹಾಕಿ."

ಬಾಗಿಲ ಬಳಿ ಮನೆಯೊಡತಿಯ ಬಸುರಿ ಮಗಳು ನಿಂತಿದ್ದಳು. ಆಕೆಯನ್ನು ಒಳಗೆ ಕಳಿಸಿ, ಮನೆಯೊಡತಿ ನನ್ನ ಕಡೆ ತಿರುಗಿದರು. "ದೀಪ ಅಚ್ಚೋ ಒತ್ನಲ್ಲಿ, ತುಂಬಿದ್ ಮನೇಲಿ, ಎಂಥಾ ಮಾತವ್ವ ಅದು! ತಕಂಡ್ ಓಗವ್ವ ನಿನ್ ಎಣಗೋಳ್ನ." ಕಾಫಿ ಮಾತ್ರ ಕೊಟ್ಟೇ ಕಳಿಸಿದರು.

ಮನೆಗೆ ಬಂದವಳೇ ಚೀಲವನ್ನು ಮೂಲೆಗೆ ಎಸೆದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಸೊಸೆಯ ಸೋಲಿಗೆ ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅದರ ಬದಲು ನನಗೇ ಬೈದರು.

"ನಿಂಗ್ ಬುದ್ಧಿ ಅದಾ? ಸತ್ತ ಅಂತ ಯಾಕ ಅಂದೆ? ತವರಿಗ್ ಓದ ಅನ್ನು."

"ಗಂಡಸು ಕಣತ್ತೆ ಅವನು."

"ಗಂಡಸ್ಗ ಅವ್ವ ಇರಲ್ವಾ? ಏಟ್ ತಿಂದವ್ನೆ, ಅವ್ವನ್ ಮನೇಲಿ ನಾಕ್ ದಿನ ಉಂಡು ಮಲ್ಗಿದ್ದು ಬತ್ತಾನ."

"ಬಂದರೆ ಆಟ ಮುಗಿಯೋದು ಹೇಗೆ?"

"ತಾನಾಗಿ ಯಾರ್ ಬತ್ತಾರ? ಕರ್ಯಕ್ಕ ಓಗ್ಬೇಕು. ತನ್ನ ಸರದೀಲಿ ಒಂದಾಟ ಬುಟ್ಕೊಟ್ಟು, ತಿರ್ಗ ಕಂತೆಗ ಕರ್ಕಬರ್ಲಿ." ಸುಲಿದ ಕಾಳನ್ನು ಮೊರಕ್ಕೆ ಹಾಕುತ್ತ ಇಷ್ಟು ಹೇಳಿ, "ತವರಿಂದ ಬಂದೋನ್ಗ ಒಂದೀಟು ಶಕ್ತಿ ಜಾಸ್ತಿ ಕೊಡು. ಬರಿಗೈಲಿ ಯಾರೂ ಕಳ್ಸಲ್ಲ" ಎಂದು ಸೇರಿಸಿದರು.

ಬೇರೆ ದಾರಿ ಇರಲಿಲ್ಲ. ಮಾರನೆಯ ದಿನವೇ ಶಾಗ್ಯಕ್ಕೆ ಹೋಗಿ, ಬಾಗಿಲಲ್ಲೇ ನಿಂತು "ಇನ್ಮೇಲೆ ಯಾರೂ ಸಾಯಲ್ಲ ಅಕ್ಕ, ಸೋತವರು ತವರಿಗೆ ಹೋಗ್ತಾರೆ" ಎಂದೆ. ಮನೆಯೊಡತಿ ಚಾಪೆ ಹಾಸಿದರು. ಆಮೇಲಿನದು ನನ್ನ ಕೈಯಲ್ಲಿ ಇರಲಿಲ್ಲ. ಅವರು ತಂಗಿಗೆ ಹೇಳಿದರು, ತಂಗಿ ಹನೂರಿನ ನಾದಿನಿಗೆ ಹೇಳಿದಳು. ಹನೂರಿನಲ್ಲಿ ತಮಿಳು ಮನೆಮಾತಿನ ಅಜ್ಜಿಯೊಬ್ಬರು ಸೋತ ಬಂಡೆ ಮೈಯವನ ಕೆನ್ನೆ ಸವರಿ, "ಪೋಯಿಟ್ಟು ವಾಪ್ಪಾ" ಎಂದು ಊರಿಗೆ ಹೊರಟ ಮಗನನ್ನು ಕಳಿಸುವ ಹಾಗೆ ಕಳಿಸಿಕೊಟ್ಟರು. ಯಳಂದೂರಿನಲ್ಲಿ ಒಬ್ಬಾಕೆ ಯುದ್ಧಕ್ಕೇ ಇಳಿಸದೆ ರೆಕ್ಕೆಯವಳನ್ನು ತವರಿಗೆ ಕಳಿಸಿಬಿಟ್ಟಳು. ಯಾಕೆಂದರೆ, "ಮಕ ಬಾಡೋಗದ, ನೋಡಿ." ಎದುರು ಕೂತವಳು ಅದನ್ನು ಒಪ್ಪಿ, ಸೀರೆ ಕೊಟ್ಟು ಕಳಿಸಬೇಕೆಂದು ವಾದಿಸಿದಳು. ಮಾಂಬಳ್ಳಿಯ ಗಂಡಸರು ಮಾತ್ರ ಕೊನೆಯವರೆಗೂ ಜೋಕರ್ ಕೇಳಿದರು.

ಕೊನೆಯ ಭಾನುವಾರ ಬಂತು. ಅಂಗಡಿಯ ಮೇಲಿನ ಕೋಣೆಯಲ್ಲಿ ಚಾಪೆಗಳನ್ನು ಹಾಸಿ ಕಾದು ಕೂತೆ. ಸೂಪರ್‌ವೈಸರ್ ಗೆದ್ದವರಿಗೆ ಕೊಡಲು ಬಹುಮಾನದ ಕಪ್ಪೊಂದನ್ನು ಹಿಡಿದುಕೊಂಡು ಮೊದಲೇ ಬಂದಿದ್ದ. ಹೆಂಗಸರಿಗೆ ಬಸ್ಸು ಫ್ರೀ ಇದ್ದರೂ, ಬರಲು ಮನಸ್ಸು ಬೇಕಲ್ಲ. ಕೆಳಗೆ ಜೆರಾಕ್ಸ್ ಯಂತ್ರ ಗರಗರ ಎನ್ನುತ್ತಿತ್ತು, ನನ್ನನ್ನೇ ಕರೆಯುತ್ತಿದೆ ಅನ್ನಿಸಿತು. ಆಮೇಲೆ ಮೆಟ್ಟಿಲ ಮೇಲೆ ಬಳೆ ಸದ್ದು ಕೇಳಿಸಿತು. ಶಾಗ್ಯದವರು, ಹನೂರಿನವರು, ಯಳಂದೂರಿನವರು, ಬುತ್ತಿ ಕಟ್ಟಿಕೊಂಡು ಬಂದೇ ಬಂದರು. ಚಾಪೆ ಸಾಲದೆ ಯಜಮಾನರು ಪಕ್ಕದ ಮನೆಯಿಂದ ಜಮಖಾನ ತಂದರು.

ಕೋಣೆ ತುಂಬಿತು. ಆದರೆ ಮಧ್ಯಾಹ್ನವಾದರೂ ಯಾರೂ ಸೋಲಲಿಲ್ಲ. ಒಬ್ಬ ತವರಿಗೆ ಹೋದರೆ ಇನ್ನೊಬ್ಬ ಬಂದ. ಕಿಟಕಿಯಲ್ಲಿಟ್ಟ ಕಪ್ಪು ಅಲ್ಲೇ ಕಾಯುತ್ತಿತ್ತು. ಸೂಪರ್‌ವೈಸರ್ ನನ್ನನ್ನು ಬದಿಗೆ ಕರೆದ.

"ಮೇಡಂ, ಇದು ನಮ್ಮ ಆಟವೇ ಅಲ್ಲ. ಗೆದ್ದವರ ಫೋಟೋ ಇಲ್ಲದೆ ನಾನೇನು ತೋರಿಸಲಿ? ಬಹುಶಃ ಬೇರೆಯವರನ್ನೇ ನೋಡ್ಬೇಕಾಗುತ್ತೆ."

ಹತ್ತಿರದ ಚಾಪೆಯ ಮೇಲೆ ಕೂತಿದ್ದ ಅತ್ತೆಯ ಕಿವಿಗೆ ಈ ಮಾತು ಬಿದ್ದಿತ್ತು. "ಬಾಪ್ಪ, ನೀನೇ ಕೂತ್ಕ. ನಿನ್ ಆಟ ನೀನಾಡು, ನಮ್ದು ನಾವಾಡ್ತೀವಿ" ಎಂದು ಕರೆದರು. ಅವನು ನಕ್ಕು ಕೂತ. ಅವನ ಪಕ್ಕದಲ್ಲಿ ಸ್ಮಶಾನ, ಅತ್ತೆಯ ಪಕ್ಕದಲ್ಲಿ ತವರು. ಮೊದಮೊದಲು ಅತ್ತೆಯ ವೀರರೇ ಬಿದ್ದರು, ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆದರೆ ಅತ್ತೆಯವರು ಒಬ್ಬೊಬ್ಬರಾಗಿ ಮೈ ತುಂಬಿಕೊಂಡು ವಾಪಸ್ಸು ಬಂದರು. ಅವನ ಕಡೆ ಸತ್ತವರು ಸತ್ತೇಹೋದರು. ಇಡೀ ಕೋಣೆ ತನ್ನ ಆಟ ಬಿಟ್ಟು ಅವರಿಬ್ಬರ ಸುತ್ತ ಸೇರಿತು. ಅವನ ಕೈ ಖಾಲಿಯಾಯಿತು. ಬೆಳಗಿನಿಂದ ಆ ಕೋಣೆಯಲ್ಲಿ ಸೋತವನು ಅವನೊಬ್ಬನೇ.

ಅತ್ತೆ ಕಪ್ಪು ಹಿಡಿದು ಸೆರಗು ಸರಿಮಾಡಿಕೊಂಡು ಫೋಟೋಗೆ ನಿಂತರು. ಹನೂರಿನ ಬಸ್ಸಿನ ಹೊತ್ತಾಯಿತೆಂದು ಉಳಿದವರು ಎದ್ದರು. ಒಬ್ಬೊಬ್ಬರೂ ತಮ್ಮ ಕಾರ್ಡು ಕಟ್ಟಿ ನನ್ನ ಕೈಗೆ ಕೊಟ್ಟು, "ಕಲಸ್ಬುಟ್ಟೀಯ, ಬರೋ ವಾರ ಇಲ್ಲಿಂದ್ಲೇ ಸುರು ಮಾಡ್ತೀವಿ" ಎಂದು ಎಚ್ಚರಿಸಿ ಹೋದರು.

"ಮುಂದಿನ ವಾರವೂ ಬರ್ತಾರಾ?" ಎಂದು ಸೂಪರ್‌ವೈಸರ್ ಕೇಳಿದ.

"ಆಟ ಎಲ್ಲಿ ಮುಗ್ದದಪ್ಪ, ಬರ್ದೆ?" ಎಂದರು ಅತ್ತೆ.

ಅವನು ತನ್ನ ಸತ್ತವರ ಗುಡ್ಡೆಯ ಕಡೆ ತಿರುಗಿದ. ಚೀಲ ತೆಗೆದುಕೊಳ್ಳುತ್ತಾನೆ, ಮೂರು ತಾಲ್ಲೂಕೂ ಅದರೊಳಗೇ ಹೋಗುತ್ತವೆ ಎಂದುಕೊಂಡೆ. ಅವನು ಎಲ್ಲರ ಮೇಲಿದ್ದ ಬೆಂಕಿ ಕಣ್ಣಿನವನನ್ನು ಮೆಲ್ಲಗೆ ಎತ್ತಿಕೊಂಡು, ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ ಅತ್ತೆಯ ಹತ್ತಿರ ಬಗ್ಗಿದ.

"ಅಜ್ಜಿ, ಇವರನ್ನೂ ಕರ್ಕೊಂಡು ಬರಬಹುದಾ?"

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅತ್ತೆ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಚಾಪೆಯ ಮೇಲೆ ಕೂತರು.

"ಬರ್ಬೋದು. ಒಂದಾಟ ಬುಟ್ಕೊಡು ಮೊದ್ಲು. ಅಮ್ಮಿ, ಈ ವಯ್ಯಂಗ ಊಟಕ್ಕಿಕ್ಕು, ಇವತ್ತು ಮೈಸೂರ್ ಬಸ್ ಸಿಕ್ಕಲ್ಲ."