ಒಂದೂವರೆ ಅಡಿ ದಾರಿಯ ಪ್ರಮೀಳಾ ಮಿಸ್

ಪ್ರಮೀಳಾ ಮಿಸ್ ಬೀದಿಗೆ ಬರುವಾಗ ಮೊದಲು ಕಾಣುತ್ತಿದ್ದುದು ಅವರ ಬಲಭುಜ, ಆಮೇಲೆ ತಲೆಯ ಮೇಲೆತ್ತಿ ಹಿಡಿದ ತರಕಾರಿ ಚೀಲ, ಕೊನೆಗೆ ಮುಖ. ವಿಜಯನಗರದಲ್ಲಿ ನಮ್ಮ ಪಕ್ಕದ ಸೈಟಿನ ಹಿಂದಿನ ಪೋರ್ಶನ್ನಿನಲ್ಲಿ ಅವರೊಬ್ಬರೇ ಇದ್ದರು. ಮುಂದೆ ಅವರ ತಮ್ಮ ಮೂರಂತಸ್ತು ಕಟ್ಟಿಸಿದ್ದರು. ಆ ಕಟ್ಟಡಕ್ಕೂ ನಮ್ಮ ಕಾಂಪೌಂಡ್ ಗೋಡೆಗೂ ನಡುವೆ ಉಳಿದದ್ದು ಒಂದೂವರೆ ಅಡಿ. ಅದೇ ಮಿಸ್‌ಗೆ ದಾರಿ. ಸೀರೆಯ ಬೆನ್ನಿಗೆ ಯಾವಾಗಲೂ ಸುಣ್ಣ ಹತ್ತಿರುತ್ತಿತ್ತು.

ನಿವೃತ್ತ ಇಂಗ್ಲಿಷ್ ಟೀಚರು. ನನ್ನ ಮಗಳು ಅವರಲ್ಲಿಗೇ ಟ್ಯೂಷನ್‌ಗೆ ಹೋಗುತ್ತಿದ್ದಳು. ಒಂದು ಸಂಜೆ ಅವಳನ್ನು ಕರೆತರಲು ಹೋದಾಗ ‘ಸೈಡಲ್’ (sidle) ಎಂಬ ಪದದ ಪಾಠ ನಡೆದಿತ್ತು. ಕಾನ್ವೆಂಟಿನಲ್ಲಿ ಓದಿದ ನನಗೂ ಅದು ಅಪರೂಪದ್ದೇ. ಅಡ್ಡಡ್ಡ ಸರಿಯುವುದು ಎಂದಷ್ಟೇ ಗೊತ್ತಿತ್ತು.

“ಅಡ್ಡ ನಡೆದಿದ್ದೆಲ್ಲ ಸೈಡಲ್ ಆಗಲ್ಲ,” ಎಂದರು ಮಿಸ್. “ಏಡಿ ಅಡ್ಡ ನಡೆಯತ್ತೆ, ಅದಕ್ಕೇನು ನಾಚಿಕೇನಾ, ಭಯಾನಾ? ಯಾರ ಕಣ್ಣಿಗೂ ಬೀಳಬಾರ್ದು ಅಂತ ಮೆಲ್ಲಗೆ ಜಾರ್ಕೋತಾರಲ್ಲ, ಅದಕ್ಕೆ ಬಳಸ್ಬೇಕು. ಹೋಮ್‌ವರ್ಕ್ ಮಾಡ್ದೆ ಬಂದು ಮೂಲೆಗೆ ಸರ್ಕೊಂಡ್ಯಲ್ಲ, ಹಾಗೆ!”

“ಮತ್ತೆ ನಾವು ನಿಮ್ಮನೆಗೆ ಬರೋದು ಮಿಸ್?” ಮಗಳು ಬಿಡಲಿಲ್ಲ.

“ಅದು ಸೈಡಲ್ ಅಲ್ಲ ಕಣೇ, ನನ್ನ ತಮ್ಮನ ಬಿಲ್ಡಿಂಗ್ ಪ್ಲಾನು.” ಮಕ್ಕಳಿಗಿಂತ ಜೋರಾಗಿ ನಕ್ಕವರು ಅವರೇ.

ಕಳೆದ ವರ್ಷ ಮಿಸ್ ಬಚ್ಚಲಲ್ಲಿ ಬಿದ್ದು ಸೊಂಟದ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಬಂದವರನ್ನು ಹಿಂದೊಬ್ಬರು ಮುಂದೊಬ್ಬರು ಹಿಡಿದು ಹೇಗೋ ಒಳಗೆ ಸೇರಿಸಿದರು. ಆಮೇಲೆ ಕೈಗೆ ವಾಕರ್ ಬಂತು. ಆ ಓಣಿಯಲ್ಲಿ ವಾಕರ್ ಹಿಡಿಸಲಿಲ್ಲ.

ಸಾರು ಕೊಡಲು ಹೋದ ದಿನ ನನ್ನ ಕೈ ಹಿಡಿದುಕೊಂಡರು. “ನೋಡಮ್ಮ, ಇದನ್ನ ಹಿಡ್ಕೊಂಡು ಅಡ್ಡ ನಡೆಯಕ್ಕಾಗಲ್ಲ. ನಿಮ್ಮ ಗೋಡೇಲಿ ಒಂದು ಚಿಕ್ಕ ಗೇಟ್ ಇಡಿಸ್ಕೊಡ್ತೀಯಾ? ಬೀದಿ ನೋಡಿ ಎರಡು ತಿಂಗಳಾಯ್ತು.”

“ನಮ್ಮನೆಯವರನ್ನ ಕೇಳಿ ಹೇಳ್ತೀನಿ ಮಿಸ್.”

ಕೇಳಲಿಲ್ಲ. ಅವರ ತಮ್ಮ ಜಗಳಕ್ಕೆ ಬಂದರೆ ಎಂಬ ಭಯ. ದಿನಾ ನಮ್ಮ ಅಂಗಳದಲ್ಲಿ ಬೇರೆಯವರ ಓಡಾಟ ಯಾಕೆ ಎಂಬ ಸಣ್ಣ ಬುದ್ಧಿಯೂ ಇತ್ತು. ಸಾರಿನ ಡಬ್ಬಿಯನ್ನು ಮಗಳ ಕೈಯಲ್ಲಿ ಕಳಿಸತೊಡಗಿದೆ. ಬಟ್ಟೆ ಒಣಹಾಕುವಾಗ ಗೋಡೆಯಾಚೆಯಿಂದ “ಕೇಳಿದ್ಯೇನಮ್ಮ?” ಎಂದು ದನಿ ಬಂದರೆ, ಬಕೆಟ್ಟು ಅಲ್ಲೇ ಬಿಟ್ಟು, ಸದ್ದಾಗದಂತೆ ಅಡ್ಡಡ್ಡ ಸರಿದು ಅಡುಗೆಮನೆ ಸೇರುತ್ತಿದ್ದೆ. ಮಿಸ್ ಅಂದು ಬಿಡಿಸಿ ಹೇಳಿದ ಅರ್ಥದಲ್ಲೇ. ಸ್ವಲ್ಪ ದಿನಕ್ಕೆ ಅವರು ಕೇಳುವುದನ್ನೇ ನಿಲ್ಲಿಸಿದರು.

ಆಷಾಢದ ಒಂದು ಬೆಳಿಗ್ಗೆ ಹೋಗಿಬಿಟ್ಟರು. ಚಟ್ಟ ಕಟ್ಟಿದವರು ಓಣಿ ನೋಡಿ ನಿಂತರು. “ಇದು ಒಳಗೆ ಹೋಗಲ್ಲ ಸಾರ್.”

“ಕುರ್ಚೀಗೆ ಕಟ್ಟಿ, ಅಡ್ಡ ತಿರುಗ್ಸಿ ತರಕ್ಕಾಗಲ್ವಾ?” ಎಂದರು ತಮ್ಮ.

“ಏನ್ರೀ ಮಾತದು!” ಎಂದು ನಮ್ಮನೆಯವರು ಹಾರೆ ತಂದರು. ಸಿಮೆಂಟ್ ಇಟ್ಟಿಗೆಯ ಗೋಡೆ ಹತ್ತು ನಿಮಿಷವೂ ನಿಲ್ಲಲಿಲ್ಲ. ಬೆವರು ಒರೆಸಿಕೊಳ್ಳುತ್ತ ನನ್ನತ್ತ ತಿರುಗಿ, “ಪಾಪ, ಮಿಸ್ ಒಂದ್ಮಾತು ಕೇಳಿದ್ದಿದ್ರೆ ಆವಾಗ್ಲೇ ಗೇಟ್ ಇಡಿಸ್ಬಿಡ್ತಿದ್ನಲ್ಲೇ,” ಎಂದರು.

ನಾನು ಹೂಕುಂಡಗಳನ್ನು ದಾರಿಯಿಂದ ಎತ್ತಿಡುತ್ತಿದ್ದೆ. ನಾಲ್ವರು ಮಿಸ್ ಅವರನ್ನು ಹೊತ್ತು, ಆ ಗಂಡಿಯಿಂದ ನಮ್ಮ ಅಂಗಳ ದಾಟಿ ಬೀದಿಗೆ ಇಳಿದರು.