ಬಡಿ ಅಲ್ಲ, ಬಳಿ

ಜಗಳದಲ್ಲಿ ಕೊಡತಿಯಣ್ಣ ಎತ್ತಿದ ಕೈ. ತೊಂದರೆ ಏನೆಂದರೆ, ಎತ್ತಿದ ಕೈ ಎತ್ತಿದ ಹಾಗೇ ಇರುತ್ತಿರಲಿಲ್ಲ, ಯಾರ ಮೇಲಾದರೂ ಇಳಿಯುತ್ತಿತ್ತು. ಗುದ್ದಿಸಿಕೊಂಡು ಬಂದ ಕಾರುಗಳ ತಗಡನ್ನು ಮರದ ಕೊಡತಿಯಿಂದ ಬಡಿದು ನೇರ ಮಾಡುವುದು ಅವನ ಕಸುಬು. ಮೂವತ್ತು ವರ್ಷ ಬಡಿದ ತೋಳಿಗೆ ತಗಡು ಯಾವುದು, ಗಿರಾಕಿಯ ದವಡೆ ಯಾವುದು ಎಂಬುದು ಒಮ್ಮೊಮ್ಮೆ ಮರೆತುಹೋಗುತ್ತಿತ್ತು. "ಹೊಡೀಲಿಲ್ಲಪ್ಪ, ನೇರ ಮಾಡ್ದೆ" ಎಂದು ಆಮೇಲೆ ಸಮಜಾಯಿಷಿ ಕೊಡುತ್ತಿದ್ದ.

ಅದೇ ಶೆಡ್ಡಿನ ಇನ್ನೊಂದು ತುದಿಯಲ್ಲಿ, ಪ್ಲಾಸ್ಟಿಕ್ ಪರದೆಯ ಹಿಂದೆ, ಅವನ ತಮ್ಮನ ರಾಜ್ಯ. ಅಣ್ಣ ಬಡಿದದ್ದಕ್ಕೆ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹಾಕುವವನು. 'ಬಣ್ಣ ಹೊಡೆಯೋನು' ಎಂದರೆ ಅವನಿಗೆ ಮೈಯುರಿ. "ಹೊಡೆಯೋರು ಮನೇಲಿ ಒಬ್ರು ಸಾಕು. ನಾನು ಬಳಿಯೋನು" ಎನ್ನುತ್ತಿದ್ದ, ಯಾವುದೋ ಬಿರುದು ಹೇಳಿಕೊಂಡಂತೆ.

ಹನ್ನೊಂದು ತಿಂಗಳ ಹಿಂದೆ ಒಂದು ಬಾನೆಟ್ಟಿನ ಮೇಲೆ ಅಂಗೈ ಸವರಿದ ತಮ್ಮ, "ಇನ್ನೂ ಅಲೆ ಇದೆ ಅಣ್ಣಾ" ಎಂದ.

"ಎಲ್ಲಿ?"

"ಇಲ್ಲಿ."

ಅಣ್ಣ ಅಲ್ಲೇ ಬಡಿದ. ತಮ್ಮನ ಕೈ ಇನ್ನೂ ಅಲ್ಲೇ ಇತ್ತು. ಎರಡು ಬೆರಳು ಒಣ ಕಡ್ಡಿಯಂತೆ ಲಟಕ್ಕೆಂದವು, ಉಗುರು ಬಾನೆಟ್ಟಿಗೆ ಅಂಟಿಕೊಂಡಿತು. ಆಸ್ಪತ್ರೆಯಿಂದ ಬಂದಾಗ ಆ ಬೆರಳುಗಳು ಕೊಕ್ಕೆಯ ಹಾಗೆ ಬಾಗಿಯೇ ನಿಂತಿದ್ದವು. ತಪ್ಪಾಯ್ತು ಎನ್ನಬೇಕಾದ ಅಣ್ಣ, "ಕೈ ಅಲ್ಲಿಟ್ಟಿದ್ದು ಯಾರು?" ಎಂದು ಕೇಳಿದ. ಅಂದಿನಿಂದ ಮಾತು ಬಂದ್.

"ಅತ್ತಿಗೆ, ಬಾಗಿಲಲ್ಲಿ ಇನ್ನೂ ತಗ್ಗಿದೆ ಅಂತ ಹೇಳಿ."

"ಅವನ ಕಣ್ಣಲ್ಲೇ ತಗ್ಗಿದೆ ಅಂತ ಹೇಳೇ."

ನಾಲ್ಕು ಮಾರು ಅಂತರದಲ್ಲಿ ನಿಂತ ಇಬ್ಬರ ನಡುವೆ ಅಂಚೆ ಹಂಚಿ ಹಂಚಿ ಅಣ್ಣನ ಹೆಂಡತಿ ಸೋತುಹೋಗಿದ್ದಳು. ಕಡೆಗೊಂದು ದಿನ ತಮ್ಮ ಬೇರೆ ಗ್ಯಾರೇಜಿಗೆ ಹೋಗುತ್ತೇನೆಂದು ಹೇಳಿ ತನ್ನ ಕಂಪ್ರೆಸರನ್ನು ಪಿಕಪ್ ವ್ಯಾನಿಗೆ ಏರಿಸಿಯೇಬಿಟ್ಟ. ಅತ್ತಿಗೆ ವ್ಯಾನಿನ ಮುಂದೆ ನಿಂತಳು.

"ಸರಿ ಅತ್ತಿಗೆ," ಎಂದ ತಮ್ಮ. "ಭಾನುವಾರ ಆಟೋಕ್ರಾಸ್ ಇದೆ. ನಾನು ರೆಡಿ ಮಾಡಿದ ಕಾರಿದೆ, ಸ್ಟೇರಿಂಗ್ ಹಿಡಿಯೋಕೆ ನಂಗೆ ಬೆರಳಿಲ್ಲ. ಅವನು ಓಡಿಸ್ಲಿ. ಒಂದೇ ಒಂದು ಕೋನೂ ಬೀಳ್ದೆ ಒಂದು ಸುತ್ತು ಬಂದ್ರೆ ಉಳೀತೀನಿ. ಏನೂ ಒಡೀದೆ ಒಂದು ನಿಮಿಷ ಇರೋಕಾಗಲ್ಲ ಅವನ ಕೈಲಿ, ಬೇಕಾದ್ರೆ ನೋಡಿ."

ಆಟೋಕ್ರಾಸ್ ಎಂದರೆ ಬಯಲಲ್ಲಿ ರಬ್ಬರಿನ ಕೋನ್‌ಗಳನ್ನು ನಿಲ್ಲಿಸಿ, ಅವುಗಳ ನಡುವೆ ಒಂದೊಂದೇ ಕಾರನ್ನು ಗಡಿಯಾರದ ವಿರುದ್ಧ ಓಡಿಸುವ ಆಟ. ಕೋನ್ ಬಿದ್ದರೆ ದಂಡವಾಗಿ ಎರಡು ಸೆಕೆಂಡು ಸೇರಿಸುತ್ತಾರೆ. ಒಬ್ಬೊಬ್ಬರಿಗೂ ಎರಡು ಸುತ್ತು. ಹೊಸಬರು ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದು.

"ನಾಲ್ಕು ಸಾವಿರ ಆಕ್ಸಿಡೆಂಟು ನನ್ನ ಕೈಯಲ್ಲಿ ಪಾಸಾಗಿವೆ. ನಂಗೆ ಡ್ರೈವಿಂಗ್ ಪರೀಕ್ಷೆಯಂತೆ!" ಎಂದ ಅಣ್ಣ.

ಭಾನುವಾರ ಬೆಳಿಗ್ಗೆ ಹಳೇ ಗೋದಾಮಿನ ಹಿಂದಿನ ಸಿಮೆಂಟು ಬಯಲಿನಲ್ಲಿ ಕ್ಲಬ್ಬಿನ ಅಧ್ಯಕ್ಷ ಕೊರಳಿಗೆ ಎರಡು ಪೀಪಿ ನೇತುಹಾಕಿಕೊಂಡು ನಿಂತಿದ್ದ. ಒಂದು ಕೈಕೊಟ್ಟರೆ ಲೋಕದ ಗತಿಯೇನು ಎಂಬ ಮುಖ. ಮೊದಲು ಎಲ್ಲರೂ ದಾರಿಯನ್ನು ನಡೆದು ನೋಡಿಕೊಳ್ಳಬೇಕು ಎಂದು ಅವನು ಸಾರಿದ. ಅಣ್ಣ ನಡೆಯಲಿಲ್ಲ. "ನಡೆಯೋದಾಗಿದ್ರೆ ಕಾರು ಯಾಕ್ರೀ?"

ಇಬ್ಬರೂ ಕ್ಲಬ್ಬಿನ ಹೆಲ್ಮೆಟ್ಟು ತೊಟ್ಟರು. ತಮ್ಮ ತುಟಿ ಬಿಚ್ಚಬಾರದೆಂದು ನಿಶ್ಚಯಿಸಿಯೇ ಪಕ್ಕದಲ್ಲಿ ಕೂತ. ಅಧ್ಯಕ್ಷ ಪೀಪಿ ಊದಿದ. ಅಣ್ಣ ಆಕ್ಸಿಲರೇಟರನ್ನು ಒತ್ತಲಿಲ್ಲ, ಒದ್ದ. ಸ್ಟೇರಿಂಗನ್ನು ಯಾರದೋ ಕತ್ತು ಹಿಸುಕುವ ಹಾಗೆ ಹಿಡಿದು ಎಳೆದ. ಟೈರು ಚೀರಿತು, ತಮ್ಮನ ತಲೆ ಕಿಟಕಿಗೆ ರಪ್ಪೆಂದಿತು. ಮೂರು ತಿರುವು ಹೇಗೋ ಕಳೆದವು. ಸಾಲು ಕೋನ್‌ಗಳ ನಡುವೆ ಹಾವಿನಂತೆ ನುಸುಳುವ ಕಡೆ ಕಾರು ಜರ್ಕು ಹೊಡೆಯುವುದನ್ನು ತಮ್ಮನೊಳಗಿನ ಪೇಂಟರನಿಗೆ ತಡೆದುಕೊಳ್ಳಲಾಗಲಿಲ್ಲ. ಸ್ಪ್ರೇ ಗನ್ನಿನ ಹಾಗೆ ಕೈ ನಿಲ್ಲಿಸದೆ ಸವರಿಕೊಂಡು ಹೋಗಬೇಕಾದ ಜಾಗ ಅದು.

"ಬಳಿ! ಅಣ್ಣಾ, ಬಳಿ!" ಎಂದು ಅರಚಿದ.

ಹನ್ನೊಂದು ತಿಂಗಳ ಮೇಲೆ ತಮ್ಮನ ಬಾಯಿಂದ ಬಂದ ಮೊದಲ ನೇರ ಮಾತು. ಹೆಲ್ಮೆಟ್ಟಿನೊಳಗೆ ಅಣ್ಣನಿಗೆ ಅದು 'ಬಡಿ' ಎಂದು ಕೇಳಿಸಿತು. ತಮ್ಮ ಮಾತಾಡಿದ್ದೇ ಹೆಚ್ಚು, ಹೇಳಿದ್ದನ್ನು ನಡೆಸಿಕೊಡದೆ ಇರುವುದುಂಟೇ? ಅಣ್ಣ ಬಡಿದ. ಒಂದನ್ನೂ ಬಿಡದೆ ಬಡಿದ. ಕೋನ್‌ಗಳು ಆಕಾಶಕ್ಕೆ ಹಾರಿದವು, ಒಂದು ಗಾಜಿಗೆ ಅಪ್ಪಳಿಸಿತು, ಒಂದು ಚಕ್ರದಡಿ ಸಿಕ್ಕಿ ಹರಿಯಿತು, ಇನ್ನೊಂದು ಅಧ್ಯಕ್ಷನ ಮೊಣಕಾಲಿಗೆ ಬಡಿದು ಅವನನ್ನು ಎರಡೂ ಪೀಪಿಯ ಸಮೇತ ನೆಲಕ್ಕೆ ಕೆಡವಿತು.

"ಹದಿನಾಲ್ಕು ಕೋನು!" ಎಂದು ಕುಂಟುತ್ತ ಬಂದ ಅಧ್ಯಕ್ಷ. "ಇದು ರೇಸೋ, ಕೊಲೆಯೋ?"

ಅಣ್ಣ ಇಳಿದವನೇ ಅವನ ಕಾಲರು ಹಿಡಿದ. ಅಂಗಿಯ ಗುಂಡಿಗಳು ಪಟಪಟ ಕಿತ್ತುಬಂದವು. "ನನ್ನ ತಮ್ಮ ಬಡಿ ಅಂದ, ಬಡಿದೆ! ನಿಂದೇನೋ?"

"ನಾನು ಬಳಿ ಅಂದೆ ಕಣೋ ಕಿವುಡಾ!" ತಮ್ಮ ಕಾರನ್ನು ಸುತ್ತಿ ಬಂದು ಅಣ್ಣನ ಎದೆಗೆ ಭುಜದಿಂದ ಗುದ್ದಿದ. "ಮೂವತ್ತು ವರ್ಷ ಬಡಿದೂ ಬಡಿದೂ ನಿಂಗೆ ಲೋಕದಲ್ಲಿ ಅದೊಂದೇ ಮಾತು ಕೇಳ್ಸೋದು!"

ಅಣ್ಣನ ಕೈ ಕಾಲರನ್ನು ಬಿಟ್ಟು ಮೇಲೆದ್ದಿತು. ತಮ್ಮ ಹಿಂದೆ ಸರಿಯಲಿಲ್ಲ, ಕೊಕ್ಕೆ ಬೆರಳುಗಳನ್ನು ಅವನ ಮುಖದೆದುರು ಹಿಡಿದ. ಕೈ ಗಾಳಿಯಲ್ಲೇ ನಿಂತಿತು. ಏನು ಮಾಡುವುದೆಂದು ತೋಚದೆ ಹೆಲ್ಮೆಟ್ಟನ್ನು ಕೆರೆದುಕೊಂಡಿತು.

"ಕಿವಿದು ತಪ್ಪು, ಕೈದಲ್ಲ," ಎಂದು ನಡುವೆ ನುಗ್ಗಿದಳು ಅತ್ತಿಗೆ. "ಇನ್ನೊಂದು ಸುತ್ತು ಇದೆ ಅಲ್ವಾ? ಈ ಸಲ ಬಾಯಿ ಬೇಡ. ಇವರಿಗೆ ಬರೋ ಭಾಷೇಲೇ ಹೇಳು ಮೈದುನಾ."

ತಮ್ಮನಿಗೆ ಅರ್ಥವಾಯಿತು. ಕಾರಿನ ಡಿಕ್ಕಿಯಲ್ಲಿದ್ದ ಅಣ್ಣನ ಕೊಡತಿಯನ್ನು ಸರಿಯಿದ್ದ ಕೈಯಲ್ಲಿ ಹಿಡಿದು ತಂದ. ಹೆಲ್ಮೆಟ್ಟಿಗೆ ಒಂದೇಟು ಬಿದ್ದರೆ ಎಡಕ್ಕೆ, ಎರಡು ಬಿದ್ದರೆ ಬಲಕ್ಕೆ, ಮೂರು ಬಿದ್ದರೆ ಬ್ರೇಕು. ಅಧ್ಯಕ್ಷ ನಿಯಮದ ಹಾಳೆಯನ್ನು ಹಿಂದೆ ಮುಂದೆ ತಿರುವಿದ. ಚಾಲಕನನ್ನು ಪಕ್ಕದವನು ಹೊಡೆಯಬಾರದೆಂದು ಬರೆದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಈ ಸಲ ಕಾರಿನೊಳಗೆ ನಡೆದದ್ದನ್ನು ಹೊರಗಿನವರು ಕೊಲೆಯೆಂದೇ ತಿಳಿದರು. ಠಪ್! ಎಡಕ್ಕೆ. ಠಪ್ ಠಪ್! ಬಲಕ್ಕೆ. ಅಣ್ಣನ ಹಲ್ಲು ಕಟಕಟ ಎಂದವು, ನಾಲಗೆ ಕಚ್ಚಿಕೊಂಡು ಗದ್ದಕ್ಕೆ ರಕ್ತ ಇಳಿಯಿತು. ಅವನು ಕೋನ್ ನೋಡಲಿಲ್ಲ, ದಾರಿ ನೋಡಲಿಲ್ಲ, ಏಟು ಎಣಿಸಿದ. ಸಾಲು ಕೋನ್‌ಗಳಲ್ಲಿ ಏಟುಗಳು ಒಂದು, ಎರಡು, ಒಂದು, ಎರಡು ಎಂದು ತಾಳಕ್ಕೆ ಬಿದ್ದವು, ಕಾರು ಬಣ್ಣ ಬಳಿದಂತೆ ಜಾರಿ ಸಾಗಿತು. ಕೊನೆಯ ತಿರುವಿನಲ್ಲಿ ಕಾರಿನ ಹಿಂಬದಿ ಅದುರಿ ಜಾರಿತು. ಠಪ್ ಠಪ್ ಠಪ್! ಬಂಪರಿಗೂ ಕೋನಿಗೂ ನಡುವೆ ಒಂದು ಗೇಣು ಉಳಿಯಿತು.

ಗೆರೆ ದಾಟಿ ಕಾರು ನಿಂತಿತು. ಒಂದು ಕೋನೂ ಬಿದ್ದಿರಲಿಲ್ಲ. ಆಗ ಅದುವರೆಗಿನ ಎಲ್ಲಕ್ಕಿಂತ ಜೋರಾಗಿ ಇನ್ನೊಂದೇಟು ಬಿತ್ತು. ಅಣ್ಣನ ಹಣೆ ಸ್ಟೇರಿಂಗಿಗೆ ಹೋಗಿ ಹಾರ್ನು ಕಿರುಚಿತು.

"ಇದ್ಯಾವ ತಿರುವು?"

"ತಿರುವಲ್ಲ," ಎಂದು ಏದುಸಿರು ಬಿಟ್ಟ ತಮ್ಮ. "ಬೆರಳಿಂದು."

ಅಣ್ಣ ರಕ್ತ ಉಗಿದ. "ತಪ್ಪಾಯ್ತು" ಎಂದ, ಊದಿದ ನಾಲಗೆಯಲ್ಲಿ ಅದು 'ತಪ್ಪಾತು' ಎಂದು ಬಂತು. ಹೆಲ್ಮೆಟ್ಟು ತೆಗೆದು, ಕಸುಬಿನವನ ಅಭ್ಯಾಸದಂತೆ ಅದರ ಮೇಲೆ ಅಂಗೈ ಸವರಿ ಗಾಯಗಳನ್ನು ಹುಡುಕಿದ. ಕ್ಲಬ್ಬಿನದು, ವಾಪಸು ಕೊಡಬೇಕು.

"ಫೈಬರು. ಬಡಿದ್ರೆ ನೇರ ಆಗಲ್ಲ."

"ಶೆಡ್ಡಿಗೆ ತಗೊಂಬಾ," ಎಂದ ತಮ್ಮ. "ಮೊದ್ಲು ಕಂಪ್ರೆಸರ್ ಇಳಿಸೋಣ. ಪುಟ್ಟಿ ಹಚ್ಚಿ ಬಳೀತೀನಿ."

"ಏನಂದೆ? ಬಡೀತೀನಿ ಅಂದ್ಯಾ?"

"ಅದೂನೂ."